ಅರ್ಧ ಮಾತ್ರೆ

ಮಾಸ್ತ್ರು ಲಿಬೊರಿಯೊನ ಕ್ಷೌರದಂಗಡಿಯಲ್ಲಿ ಕುರ್ಚಿ ಎರಡು, ಕನ್ನಡಿ ಒಂದು,
ಕನ್ನಡಿಯ ಪಕ್ಕದ ಮೊಳೆಗೆ ಒಂದು ಮ್ಯಾಂಡೊಲಿನ್,
ಹೊಟ್ಟೆ ಗೋಡೆಗಾನಿಸಿ ನೇತಾಡುತ್ತಿತ್ತು.
ಸಿಸಿಲಿಯ ಗಂಧಕದ ಗಣಿಯೂರು.
ಬಂದವರ ಕಿವಿಯ ಹಿಂದೆಲ್ಲ ಹಳದಿ ಧೂಳು;
ಶನಿವಾರ ಸಂಜೆಗೆ ಬೋಗುಣಿಯ ನೀರೂ ಹಳದಿ.

ನನಗೆ ಹನ್ನೊಂದು. ಕೂದಲು ಗುಡಿಸುವ ಕೆಲಸ.
ಆ ಚಳಿಗಾಲವಿಡೀ ವಾದ್ಯ ಮುಟ್ಟಗೊಡಲಿಲ್ಲ.
ಕೈಗೆ ಬ್ರಷ್ಷು ಕೊಟ್ಟು, ನೊರೆ ಎಬ್ಬಿಸು ಅಂದ.
‘ತೋಳಲ್ಲಲ್ಲವೋ ಕತ್ತೆ, ಮಣಿಕಟ್ಟಿನಲ್ಲಿ.
ಭುಜ ಮಲಗಿರಲಿ, ಮೊಣಕೈ ತೂಕಡಿಸಲಿ,
ಮಣಿಕಟ್ಟೊಂದು ಎಚ್ಚರ ಇದ್ದರೆ ಸಾಕು.’
ವಸಂತಕ್ಕೆ ಆಮೆಚಿಪ್ಪಿನ ಚೂರು ಬೆರಳಿಗೆ ಸಿಕ್ಕಿಸಿದಾಗ
ಕೈಗೆ ಆಗಲೇ ಗೊತ್ತಿತ್ತು:
ಮೇಲೆ ಕೆಳಗೆ ಮೇಲೆ ಕೆಳಗೆ
ತಂತಿಯ ಮೇಲೂ ನೊರೆ ಎದ್ದಿತು.

ಎಡಗೈ ಪಾಡು ಬೇರೆ.
ಜೋಡಿ ಜೋಡಿಯಾಗಿ ಎಂಟು ತಂತಿ.
ಎರಡೂ ಒಂದಾಗಬೇಕು, ಪೂರ್ತಿ ಆಗುವುದೇ ಇಲ್ಲ,
ಗಂಡ ಹೆಂಡಿರ ಹಾಗೆ ಅಂದ ಮಾಸ್ತ್ರು.
ಪರದೆಯ ಹಿಂದೆ ಅವನ ಹೆಂಡತಿ ಕೆಮ್ಮಿದಳು.
ಬೆರಳ ತುದಿ ಬೊಬ್ಬೆಯೆದ್ದು ಒಡೆಯಿತು;
ಗಿರಾಕಿಗಳ ಗಾಯಕ್ಕಿಟ್ಟ ಪಟಿಕ ಸವರಿಕೊಂಡು
ಕಣ್ಣಲ್ಲಿ ನೀರು ತುಂಬಿ ಮತ್ತೆ ಒತ್ತಿದೆ.
ಮೂರು ಬೆರಳು ದಡ್ಡುಗಟ್ಟಿದವು.
ಕಿರುಬೆರಳು ಮಾತ್ರ ಇವತ್ತಿಗೂ ಸೋಮಾರಿ.

ಹಾಳೆಯಿಲ್ಲ, ಬರೆದ ಸ್ವರವಿಲ್ಲ.
ಧಾಟಿಗಳಿಗೆ ಗಿರಾಕಿಗಳದೇ ಹೆಸರು:
ನೋಟರಿಯ ಪೋಲ್ಕಾ, ಗಡ್ಡ ತೆಳು, ಬೇಗ ಮುಗಿಯುತ್ತದೆ.
ಕಲ್ಲುಕುಟಿಗ ಸಾರೊನ ವಾಲ್ಟ್ಜ್‌ಗೆ ಎರಡು ಸಲ ಸೋಪು.
ಅಂಚೆಯವನ ಮಜುರ್ಕಾ ಎಡಗಾಲು ಎಳೆಯುತ್ತದೆ.
ಬೆಂಚಿನಲ್ಲಿ ಕಾದವರು ಎದ್ದು
ಎದುರು ಬೀದಿಯ ಅಂಗಡಿಗೆ ಹೋಗದ ಹಾಗೆ
ನುಡಿಸುತ್ತಲೇ ಇರಬೇಕು. ಹಾಗೆ
ನಾಲ್ಕು ವರ್ಷಕ್ಕೆ ಮೂವತ್ತೊಂದು ಕೈಗೆ ಬಂದವು.

ಮೂವತ್ತೆರಡನೆಯದಕ್ಕೆ ಎರಡೇ ಭಾಗ ಉಳಿದಿದ್ದವು.
ಮೂರನೆಯದನ್ನು ಮಾಸ್ತ್ರು ಮರೆತಿದ್ದ,
ಅವನಿಗೆ ಕಲಿಸಿದವ ಮಣ್ಣಾಗಿದ್ದ.
ಬಾಗಿಲಿಲ್ಲದ ಗೋಡೆಯವರೆಗೆ ಹೋಗಿ
ದಿನಾ ಹಿಂದಿರುಗುತ್ತಿದ್ದೆ.

ಒಂದು ಶನಿವಾರ, ಗಾಸ್ಪರೆ ಚಿರಿಂಚೊನೆ
ಕುರ್ಚಿಯಲ್ಲಿ ಒರಗಿದ್ದ. ಮುಖವೆಲ್ಲ ನೊರೆ, ಗಂಟಲ ಮೇಲೆ ಕತ್ತಿ.
ನಾನು ಗೋಡೆಗೆ ಬಂದು ನಿಂತೆ.
ಅವನು ನಿಲ್ಲಲಿಲ್ಲ.
ಕಣ್ಣು ಮುಚ್ಚಿಯೇ, ಮೂಗಿನಲ್ಲಿ,
ನೊರೆಯೊಳಗಿಂದ ಮೂರನೆಯ ಭಾಗ ಗುನುಗಿದ.
ಮಾಸ್ತ್ರುವಿನ ಕತ್ತಿ ಗಾಳಿಯಲ್ಲೇ ಉಳಿಯಿತು.
ಐದನೆಯ ಸ್ವರದ ಬಳಿ ಒಂದು ತಡೆ,
ಅರ್ಧ ಮಾತ್ರೆ,
ಆಮೇಲೆ ಕೊನೆಯವರೆಗೂ ಸಲೀಸು.
ಗಣಿಯಲ್ಲಿ ದೀಪ ಆರಿದಾಗ
ಇದ್ದೇನೆ ಎಂದು ತಿಳಿಸಲು ಅವನಪ್ಪ ಸಿಳ್ಳೆಯಲ್ಲಿ ಇದನ್ನೇ ಹಾಕುತ್ತಿದ್ದನಂತೆ.
ಮುಖ ಒರೆಸಿಕೊಂಡ, ಚಿಲ್ಲರೆ ಎಣಿಸಿದ, ಹೋದ.
ಸೋಮವಾರ ಬೆಲ್ಜಿಯಮ್ಮಿನ ಕಲ್ಲಿದ್ದಲಿಗೆ ರೈಲು ಹತ್ತಿದ.

ಆ ತಡೆ ಧಾಟಿಯದೇ ಇದ್ದೀತು,
ಬಾಯಿಗೆ ಹೋದ ಸೋಪಿನದೂ ಇದ್ದೀತು.
ಕೇಳೋಣವೆಂದರೆ ವಿಳಾಸವಿರಲಿಲ್ಲ.
ತೆಗೆದು ನೋಡಿದೆ, ಧಾಟಿ ಮುಗ್ಗರಿಸಿತು. ಮತ್ತೆ ಇಟ್ಟೆ.

ಈಗ ಅಗತೀನ, ಒಂಬತ್ತು ವರ್ಷದವಳು,
ಮಂಗಳವಾರ ಮಂಗಳವಾರ ಬರುತ್ತಾಳೆ.
ಇಲ್ಲಿ ಯಾಕೆ ನಿಲ್ಲಬೇಕು ತಾತ? ಅಂತ ಕೇಳಿದಳು.
ಗಡ್ಡ ಇದ್ದಿದ್ದರೆ ನಿನಗೇ ಗೊತ್ತಾಗುತ್ತಿತ್ತು ಅಂದೆ.
ನಕ್ಕಳು. ಕಿರುಬೆರಳು ಜಾರಿತು.
ಮತ್ತೆ ಮೊದಲಿನಿಂದ.