ಡಬ್ಬಿಗಿ ಎಷ್ಟು

ಬಂದು ನಾಕು ದಿನ ಆತು.
ಶಹಾಬಜಾರಿನ ನಮ್ಮ ಓಣಿ ಪೂರಾ ಬಂದು ಕೇಳಿ ಹೋಗೇದ.
ಕಾಂಗರೂ ನೋಡಿದ್ಯಾ?
ನೋಡೀನಿ. ರಸ್ತಾದ ಬಾಜೂಕ, ಸತ್ತು ಬಿದ್ದಿದ್ದು.
ಜಗದೇವಿ ಕಾಕುಗ ಇದು ಸೇರಲಿಲ್ಲ.
ಅಕಿಗಿ ಸಮುದ್ರದ ಫೋಟೊ ತೋರಿಸಿದೆ.
ಒಂದೇ ಅದ ಅದು. ಒಂದೇ ದಿನ ಹೋಗಿದ್ದೆ,
ಬಸ್ಸಿಗಿ ಹದಿನೆಂಟು ಡಾಲರ್ ಕೊಟ್ಟು,
ಕುದಿಸಿದ ತತ್ತಿ ಎರಡು ಕಟಗೊಂಡು.
ಚಪ್ಪಲಿ ಕೈಯಾಗ ಹಿಡಕೊಂಡು ಒಂದು ತಾಸು ನಿಂತು ಬಂದೆ.
ವೀಸಾದ ಹೆಸರಿನಾಗ ಹಾಲಿಡೇ ಅಂತ ಇದ್ದದ್ದು
ಅದಷ್ಟೇ ನೋಡ್ರಿ.

ಹೇಳದ್ದು ಭಾಳ ಅದ.
ಬ್ಯಾಂಕಿನಾಗ ರೊಕ್ಕ ತೋರಿಸಬೇಕು ಅಂದಾಗ
ಅವ್ವ ಭಿಸಿ ಎತ್ತಿದಳು. ಉಳಿದದ್ದು
ಸೋದರಮಾವ ನನ್ನ ಖಾತೇಕ ಹಾಕಿ
ಹನ್ನೆರಡನೇ ದಿನ ಮುಂಜಾನಿ ತಿರುಗಿ ತಕ್ಕೊಂಡ.
ಆ ಹನ್ನೊಂದು ದಿನ ನಾ ಸಾಹುಕಾರ್ತಿ.
ಎಟಿಎಮ್ಮಿಗಿ ಹೋಗಿ ಬರೇ ಬ್ಯಾಲೆನ್ಸ್ ನೋಡಿ ಬರ್ತಿದ್ದೆ.

ಹೋಗುವಾಗ ಅವ್ವ ಕಟ್ಟಿದ್ದು ಅರವತ್ತು ಕಡಕ್ ರೊಟ್ಟಿ.
ವಿಮಾನ ಇಳಿದಲ್ಲಿ ಗ್ಲೌಸ್ ಹಾಕ್ಕೊಂಡ ಆಫೀಸರ್
ಒಂದು ಎತ್ತಿ ಬೆಳಕಿಗಿ ಹಿಡಿದ,
ಬೆರಳಿಲೆ ಬಡಿದ, ಕಿವಿಗಿ ಹಚ್ಚಿ ಕೇಳಿದ.
ಏನಿದು ಅಂದ. ಊಟ ಅಂದೆ.
ನಂಬಲಿಲ್ಲ. ಮುರಿದು ತಿಂದು ತೋರಿಸಿದೆ.
ಶೇಂಗಾ ಹಿಂಡಿ ಇಟಗೊಂಡ, ರೊಟ್ಟಿ ಬಿಟ್ಟ.
ಐತವಾರಕ್ಕ ಒಂದರಂಗ ತಿಂದೆ.

ಒಂದು ಖೋಲಿ, ಎಂಟು ಮಂಚ, ಮ್ಯಾಲೊಂದು ಕೆಳಗೊಂದು.
ವಾರಕ್ಕ ಬಾಡಿಗಿ, ತೋಟಕ್ಕ ಒಯ್ಯೋ ವ್ಯಾನಿಗಿ ಬ್ಯಾರೆ ರೊಕ್ಕ.
ಮಳಿ ಬಂದ್ರ ಕೆಲಸಿಲ್ಲ, ಬಾಡಿಗಿ ಅದ.
ಫ್ರಿಜ್ಜಿನಾಗ ಹಾಲಿನ ಬಾಟ್ಲಿ ಮ್ಯಾಲ ಹೆಸರು ಬರೀಬೇಕು,
ಬರೆದರೂ ಯಾರೋ ಕುಡೀತಾರ.
ಕೆಳಗಿನ ಮಂಚದಾಕಿ ಯೀ-ಲಿನ್, ತೈವಾನಿನಾಕಿ,
ರಾತ್ರಿ ಎಂಟಕ್ಕ ಅಂಗಡಿಗಿ ಎಳಕೊಂಡು ಹೋಗ್ತಿದ್ದಳು.
ಹಳದಿ ಚೀಟಿ ಹಚ್ಚಿದ ಬ್ರೆಡ್ಡು,
ನಾಳೆ ಕೆಡೋದು, ಇವತ್ತ ಅರ್ಧ ರೇಟು.
ಗುಣಿಸೋದು ಬಿಡು, ಇಲ್ಲಂದ್ರ ಉಪಾಸ ಸಾಯ್ತಿ ಅಂತಿದ್ದಳು.
ನಾ ಒಂದು ಬಾಳೆಹಣ್ಣಿಗೂ
ಐವತ್ತೈದರಲೆ ಗುಣಿಸಿದೆ.

ಕಲಬುರಗಿ ಬಿಸಲು ಉಂಡಾಕಿ ನಾ, ಇದ್ಯಾವ ಲೆಕ್ಕ ಅಂತ
ಮೊದಲನೇ ದಿನ ಟೊಪಿಗಿ ಬ್ಯಾಡ ಅಂದೆ.
ಹನ್ನೊಂದಕ್ಕ ಚಕ್ಕರ್ ಬಂದು ದ್ರಾಕ್ಷಿ ಸಾಲಿನಾಗ ಬಿದ್ದೆ.
ಊರಿನ ಬಿಸಲು ನಾ ನೆರಳಾಗ ಕುಂತು ಬೈದ ಬಿಸಲು.
ಅದರ ಕೆಳಗ ನಡೆದು ಹೋಗಿ ದುಡಿದಾಕಿ ಅವ್ವ,
ನಾ ಅಲ್ಲ.

ಈಗ ಸಂಜಿ ಏಳು. ಕರೆಂಟ್ ಹೋಗೇದ.
ನಂದೂರಿನ ದಾಲ್ ಮಿಲ್ಲಿಲಿಂದ ಅವ್ವ ಬಂದಳು,
ಕೂದಲಾಗ ತೊಗರಿ ಹೊಟ್ಟು, ಹುಬ್ಬಿನಾಗ ಹಳದಿ ಧೂಳು.
ಮಾಳಿಗಿ ಹತ್ತಿ ಕಾಲು ಚಾಚಿ ಕುಂತಳು.
ನಾಕು ದಿನದಾಗ ಏನೂ ಕೇಳದಾಕಿ
ನನ್ನ ಬಲಗೈ ಎಳದು ತೊಡಿ ಮ್ಯಾಲ ಇಟಗೊಂಡಳು.
ಹೆಬ್ಬೆರಳಿನ ಬುಡಕ, ಕತ್ರಿ ಕೂಡೋ ಜಾಗಾದಾಗ, ಜಡ್ಡು ಗಟ್ಟೇದ.
ಕತ್ತಲಾಗೂ ಅಕಿಗಿ ಸಿಕ್ಕಿತು.

ಡಬ್ಬಿಗಿ ಎಷ್ಟು ಕೊಡ್ತಿದ್ರು?
ಎರಡು ಡಾಲರ್, ಮ್ಯಾಲ ಚಿಲ್ಲರ.
ದಿನಕ್ಕ ಎಷ್ಟು ಡಬ್ಬಿ?
ಮೊದಲ ಹನ್ನೆರಡು. ಕಡೀಕ ಅರವತ್ತರ ತನಕ.
ತೂಕದಾಗ ಹೊಡೀತಿದ್ರಾ?
ತೂಕ ಇಲ್ಲ ಯವ್ವಾ, ತುಂಬಿದಂಗ ಕಾಣಬೇಕು.
ಸೂಪರ್ವೈಸರಗ ಕಾಣಲಿಲ್ಲಂದ್ರ ವಾಪಸ್.
ಹಾಂ, ಅಂದಳು. ಎಲ್ಲಾ ಕಡಿ ಅಂಥವ ಒಬ್ಬ ಇರ್ತಾನ.
ನಕ್ಕಳು. ನಾನೂ ನಕ್ಕೆ.
ಹತ್ತು ತಿಂಗಳಿನಾಗ ಯಾರ ಕೂಡೂ
ಇಷ್ಟು ನೇರ ಮಾತಾಡಿರಲಿಲ್ಲ.

ನಂದೂ ಹೆಚ್ಚಿಗಿ ಆಗೇದ, ಅಂದಳು ಸ್ವಲ್ಪ ಹೊತ್ತಿನ ಮ್ಯಾಲ.
ನೀ ಹೋದ ಮ್ಯಾಲ. ಚೀಲಕ್ಕ ಎರಡು ರೂಪಾಯಿ.
ಐವತ್ತೈದರಲೆ ಭಾಗಿಸಲಿಲ್ಲ ನಾ.

ಕರೆಂಟ್ ಬಂತು. ಕೈ ಬಿಟ್ಟಳು.
ಕೆಳಗ ಜಗದೇವಿ ಕಾಕು ಕೂಗಲಕತ್ತಾಳ,
ಅಕಿ ಮೊಮ್ಮಗ ಬಂದಾನಂತ,
ಸಮುದ್ರ ತೋರಿಸಬೇಕಂತ.