ತೌಡು ಕುಟ್ಟುವ ಕೆಲಸ

ಕುದುಗು ಊರಿನ ಸಂತೆಯಾಚೆ, ಬೇವಿನ ನೆರಳಲ್ಲಿ
ಕುದ್ಪೊಕೊಳ ನಾಲ್ಕು ಮಡಕೆ.
ನೆನೆದು, ಮೊಳೆತು, ಬಿಸಿಲಿಗೆ ಬಾಡಿ,
ಬೀಸುಕಲ್ಲು ದಾಟಿ, ಹಗಲಿಡೀ ಕುದಿದ ಕೆಂಪುಜೋಳದಲ್ಲಿ
ಸೋಸಿದ ಮೇಲೆ ಉಳಿದದ್ದು
ಬುಟ್ಟಿ ತುಂಬ ಚರಟ.
ದೊಲೊ ಊರಿಗೆ, ಚರಟ ಬಾರ್ತೆಲೆಮಿಯ ಹಂದಿಗೆ.
ಲೆಕ್ಕ ಅಲ್ಲಿಗೆ ಚುಕ್ತಾ.

ನಾನು ಹೋಗಿ ನಡುವೆ ನಿಂತೆ.
'ಎರಡು ಕಿಲೊ ನನಗೆ ಕೊಡು, ಅಕ್ಕ.'
ಸೌಟು ನಿಲ್ಲಿಸಿ ಮೇಲಿಂದ ಕೆಳಗೆ ನೋಡಿದಳು:
ಇಸ್ತ್ರಿ ಅಂಗಿ, ಕೊರಳಲ್ಲಿ ವಿಶ್ವವಿದ್ಯಾಲಯದ ಬಿಲ್ಲೆ.
'ಯಾಂಬ, ನಿಮ್ಮ ಮನೆಯಲ್ಲಿ ಹಂದಿ ಯಾರು?'
ಕುಡಿಯಲು ಕೂತವರೆಲ್ಲ ನಕ್ಕರು,
ಕೈಯ ಸೋರೆಬುರುಡೆ ತುಳುಕುವ ಹಾಗೆ.

ಒಣಗಿಸಿದೆ. ಒರಳಿಗೆ ಹಾಕಿ ಕುಟ್ಟಿದೆ.
ತೌಡು ಕುಟ್ಟುವುದೆಂದರೆ
ಕೆಲಸವಿಲ್ಲದವರ ಕೆಲಸ ಎನ್ನುವ ಭಾಷೆ
ಜಗತ್ತಿನಲ್ಲಿ ಎಲ್ಲೋ ಇದ್ದೇ ಇರಬೇಕು.
ಇದ್ದರೆ, ಆ ಜನಕ್ಕೆ ನನ್ನ ನಮಸ್ಕಾರ.

ಡಾಕ್ಟರ್ ಇಲ್ಬುದೊ ಹೇಳಿದ್ದು ಇಷ್ಟು:
ಕಾಳಿನ ಒಳಗು ಬಿಳಿ, ಮೆತ್ತಗೆ, ಎಲ್ಲರಿಗೂ ಬೇಕು.
ಸಿಪ್ಪೆಯಲ್ಲಿ ಒಗರು.
ಹೊಲಕ್ಕಿಳಿದ ಗೀಜಗ ಒಮ್ಮೆ ಕುಕ್ಕಿ
ಕೊಕ್ಕು ಒರೆಸಿಕೊಂಡು
ಪಕ್ಕದವನ ಬಿಳಿಜೋಳಕ್ಕೆ ಹಾರುತ್ತದಲ್ಲ,
ಆ ಒಗರು. ಅದನ್ನು ಅಳೆಯಬೇಕು.

ಅಳತೆಗೆ ಒಂದು ಕಡುನೇರಳೆ ದ್ರಾವಣ.
ಅದರ ಕಣಕಣದಲ್ಲೂ ಜೊತೆಯಿಲ್ಲದ ಒಂದು ಇಲೆಕ್ಟ್ರಾನು,
ಸಿಕ್ಕವರ ಕೈ ಜಗ್ಗುವ ಪುಂಡ.
ಮೈಯೊಳಗೂ ಇಂಥವರ ಗುಂಪು ಅಲೆಯುತ್ತದಂತೆ,
ಎಣ್ಣೆ ಕಮಟಾಗುವ ಹಾಗೆ, ಮೊಳೆಗೆ ತುಕ್ಕು ಹತ್ತುವ ಹಾಗೆ
ಸದ್ದಿಲ್ಲದೆ ನಮ್ಮನ್ನು ಸವೆಸುತ್ತದಂತೆ.
ಚರಟದ ರಸದಲ್ಲಿ ಕೊಡುವ ಕೈಗಳಿದ್ದರೆ
ನೇರಳೆ ಇಳಿದು ಹಳದಿ.
ಕತ್ತಲಲ್ಲಿಟ್ಟು ಅರ್ಧ ಗಂಟೆ ಕಾಯಬೇಕು.

ಕಾದೆ.
ಇಪ್ಪತ್ತೊಂಬತ್ತನೆಯ ನಿಮಿಷಕ್ಕೆ ಕರೆಂಟು ಹೋಯಿತು.
ಏಪ್ರಿಲ್. ಊರಿಗೂರೇ ಬೀಸಣಿಗೆ ಹುಡುಕುವ ಹೊತ್ತು.
ಅಂಕಿ ಹೇಳಬೇಕಾದ ಯಂತ್ರ ಕಣ್ಣು ಮುಚ್ಚಿತು.
ನಳಿಗೆಗಳನ್ನು ಎತ್ತಿ ಕಿಟಕಿಗೆ ಹಿಡಿದೆ.
ಮೊದಲನೆಯದಕ್ಕೆ ಏನೂ ಬೆರೆಸಿರಲಿಲ್ಲ: ನೇರಳೆ.
ಎರಡನೆಯದು, ಪೇಟೆಯ ಬಿಳಿ ಹಿಟ್ಟಿನ ರಸ:
ಅದೂ ನೇರಳೆ, ಕೊಂಚ ಸಪ್ಪೆ.
ಮೂರನೆಯದು ಕುದ್ಪೊಕೊಳ ಬುಟ್ಟಿಯದು.
ಸುಗ್ಗಿ ಮುಗಿದ ಹೊಲದ ಕೂಳೆಯ ಬಣ್ಣ.

'ಕಣ್ಣಿನ ಸಾಕ್ಷಿ ಪ್ರಬಂಧಕ್ಕೆ ಸಾಲದು,' ಎಂದರು ಡಾಕ್ಟರು,
'ಮೂರು ಸಲ ಮಾಡು.
ನಳಿಗೆಯಲ್ಲಿ ಆದದ್ದು ಹೊಟ್ಟೆಯಲ್ಲೂ ಆದೀತೆಂದು
ಎಲ್ಲೂ ಬರೆಯಬೇಡ.'
ಐದು ಸಲ ಮಾಡಿದೆ. ಎಲ್ಲೂ ಬರೆಯಲಿಲ್ಲ.

ಕುದ್ಪೊಕೊಳಿಗೆ ಮಾತ್ರ ಹೇಳಿದೆ, ಹೊಗೆಯಲ್ಲಿ ಕಣ್ಣುಜ್ಜುತ್ತ.
'ಅಂದರೆ ಆ ಹಂದಿ ನೂರು ವರ್ಷ ಬಾಳುತ್ತದೋ?'
'ಕ್ರಿಸ್‌ಮಸ್ಸಿಗೆ ಕಡಿಯುತ್ತಾರಲ್ಲ, ಅಕ್ಕ.'
'ಮತ್ತೆ ಅದಕ್ಯಾಕೆ ಇದೆಲ್ಲ?'
ನನ್ನಲ್ಲಿ ಉತ್ತರವಿರಲಿಲ್ಲ.

ಅವಳು ಬೆಂಕಿಗೆ ಒಂದು ಕೊಳ್ಳಿ ಒತ್ತಿದಳು.
'ಮಳೆ ಬಾರದ ಆ ವರ್ಷ ಅತ್ತೆ ಇದಕ್ಕೇ ಸೊಪ್ಪು ಬೆರೆಸಿ
ಬೂದಿಯಲ್ಲಿ ಸುಟ್ಟು ಕೊಟ್ಟಿದ್ದಳು.
ಏಳು ಜನ, ಬಾಗಿಲು ಮುಚ್ಚಿಕೊಂಡು ತಿಂದೆವು.
ಯಾರಿಗೂ ಹೇಳಿಲ್ಲ. ನೀನೂ ಹೇಳಬೇಡ.'

ಆಮೇಲೆ ಕೈ ಕೊಡವಿ, ಅಂಗಡಿಯ ದನಿಗೆ ಬಂದು:
'ಬುಟ್ಟಿಗೆ ನೂರಿತ್ತು. ಇವತ್ತಿಂದ ನೂರೈವತ್ತು.
ಬೆಲೆಯಿದೆ ಎಂದವನು ನೀನೇ ತಾನೆ?'

ಕೊಟ್ಟೆ. ಚೀಲ ಹೆಗಲಿಗೇರಿಸಿ ತಿರುಗಿದರೆ
ಬೇಲಿಯ ಸಂದಿಯಲ್ಲಿ ಬಾರ್ತೆಲೆಮಿಯ ಹಂದಿ,
ಮೂತಿ ಎತ್ತಿ,
ನನ್ನನ್ನಲ್ಲ, ಚೀಲವನ್ನು ನೋಡುತ್ತಿತ್ತು.