ತೂತು ಕೊರೆಯುವವಳು

ಓದು ಮಗು, ಓದು. ನಿನ್ನ ಶಾಲೆಯ ಪುಸ್ತಕದಲ್ಲಿ
ಆಂತೆಲ್ಮನ ಭಾಷಣ ಎಷ್ಟು ನೀಟಾಗಿದೆ!
ಒಂದು ನೂಲೂ ಎದ್ದಿಲ್ಲ, ಇಸ್ತ್ರಿ ಹಾಕಿದ ಹಾಗೆ.
ನಾನು ಕೇಳಿದ್ದು ಇದಲ್ಲ.

ನವೆಂಬರ್. ಲಿಯೋನಿನ ಮಂಜು
ಕ್ರ್ವಾ-ರೂಸ್ ಗುಡ್ಡದ ಮೆಟ್ಟಿಲಿಳಿದು
ನದಿಯ ಕಡೆ ಹೊರಟಿತ್ತು.
ಉಪ್ಪಿನ ಪೀಪಾಯಿ ಹತ್ತಿ ನಿಂತ,
ಟೋಪಿ ಕೈಯಲ್ಲಿ, ಒಂದು ಬೂಟಿಗೆ ದಾರವಿಲ್ಲ.
"ಒಂದು ಮೊಳ ಮಖಮಲ್ಲಿಗೆ ಎಷ್ಟು ಕೊಟ್ಟರು?" ಅಂದ.
ಉತ್ತರ ಹೇಳಲಿಲ್ಲ.
ನಮ್ಮ ಹೊಟ್ಟೆಗೆ ಗೊತ್ತಿತ್ತಲ್ಲ.
ಆಮೇಲೆ ದನಿ ತಗ್ಗಿಸಿದ.
ಹಿಂದಿದ್ದವರು ಕೇಳಿಸಲೆಂದು ಮುಂದೆ ಬಂದರು,
ಮುಂದಿದ್ದವರು ಇನ್ನೂ ಮುಂದೆ.
ಯಾರೂ ತಳ್ಳಲಿಲ್ಲ, ಆದರೂ ಎಲ್ಲರೂ
ಒಂದು ಹೆಜ್ಜೆ ನಡೆದಾಗಿತ್ತು.

"ನೀವು" ಎಂದು ಶುರುಮಾಡಿದವ
ಯಾವ ಸಾಲಿನಲ್ಲಿ "ನಾವು" ಆದನೋ!
ನಾನು ಹಿಡಿದೆ. ಬಟ್ಟೆಯ ಹಿಂಬದಿ ನೋಡುವ ಕಣ್ಣು ನನ್ನದು,
ಬಣ್ಣ ಬದಲಾದ ಗಂಟು ಅಲ್ಲಿ ಕಾಣುತ್ತದೆ.
ಹಿಡಿದಾಗ ನಾನೂ
ಅದೇ ಗಂಟಿನೊಳಗಿದ್ದೆ.

"ನಮ್ಮ ಕೈಗೆ ಬೇಕು ರೊಟ್ಟಿ.
ನಮ್ಮ ಕೈಗೆ ಬೇಕು ಚಳಿಗೆ ಕೊಂಚ ಕೆಂಡ.
ನಮ್ಮ ಕೈಗೆ ಬೇಕು..."
ನಿಂತ. ಗಂಟಲು ಕಟ್ಟಿತೋ, ತೊದಲೋ,
ಚಿಕ್ಕಂದಿನಿಂದ ತೊದಲುತ್ತಿದ್ದ.
ಹಾಸಿನ ನಡುವೆ ಲಾಳಿ ಸಿಕ್ಕ ಹಾಗೆ ಬೀದಿ ನಿಂತಿತು.
ಆರುನೂರು ಬಾಯಿ ಒಂದೇ ಪದ ಕೂಗಿದವು:
ಬಂದೂಕು.
ಅದರಲ್ಲಿ ನನ್ನದೂ ಒಂದು,
ನನ್ನ ತಮ್ಮ ಕ್ಲೋದಿಯುಸನದೂ.

ನಿನ್ನ ಪುಸ್ತಕದಲ್ಲಿ ಆ ಪದ ಅವನೇ ಹೇಳಿದ್ದಾನೆ.
ದಪ್ಪಕ್ಷರದಲ್ಲಿ.

ನನ್ನ ಕಸುಬೇನು ಗೊತ್ತಲ್ಲ, ಮಗ್ಗದ ಕಾರ್ಡಿಗೆ ತೂತು ಕೊರೆಯುವುದು.
ರಟ್ಟು ಏನನ್ನೂ ನೇಯುವುದಿಲ್ಲ.
ತೂತಿದ್ದಲ್ಲಿ ಸೂಜಿ ಹೋಗುತ್ತದೆ, ನೂಲು ಏಳುತ್ತದೆ.
ಸಾಹುಕಾರನ ಹೆಂಡತಿಯ ಸೆರಗಂಚಿನ ಗುಲಾಬಿ
ನಾನು ಕಸಕ್ಕೆ ಗುಡಿಸಿದ ಚೂರುಗಳಿಂದ ಅರಳಿದ್ದು.

ಕ್ಲೋದಿಯುಸ್ ಸೇತುವೆಯ ಮೇಲೆ ಬಿದ್ದ, ಎರಡನೇ ದಿನ.
ವರ್ಷಗಳಾದ ಮೇಲೆ ಆಂತೆಲ್ಮ್ ಬಂದ, ಕೂದಲು ನರೆತು.
ಸೂಪಿನ ಬಟ್ಟಲ ಮುಂದೆ ತೊದಲಿದ:
"ಕೆ... ಕೆಲಸ. ನಾನು ಹೇಳಹೊರಟಿದ್ದು ಕೆಲಸ, ಬೆನ್ವಾತ್."
ನಂಬಿದೆ. ಇನ್ನೊಂದು ಸೌಟು ಬಡಿಸಿದೆ.

ಆದರೆ ಭಾಷಣದ ಹಿಂದಿನ ರಾತ್ರಿ
ನಮ್ಮಿಬ್ಬರ ಕೋಣೆಗಳ ನಡುವೆ ಇದ್ದದ್ದು ಬರೀ ಹಲಗೆ.
ಅಭ್ಯಾಸ ಮಾಡುತ್ತಿದ್ದ. ರೊಟ್ಟಿ. ಕೆಂಡ. ಮೌನ.
ಮತ್ತೆ ಮೊದಲಿಂದ. ರೊಟ್ಟಿ. ಕೆಂಡ. ಮೌನ.
ಎಣಿಸಿದೆ, ಏಳು ಸಲ.
ಏಳು ಸಲವೂ ತೂತು ಅದೇ ಜಾಗದಲ್ಲಿ ಬಿತ್ತು.

ತಾನಾಗಿ ಹರಿದ ತೂತಿನ ಅಂಚು ಪಿಸಿದಿರುತ್ತದೆ,
ಕೊರೆದದ್ದು ನುಣುಪು.
ಕತ್ತಲಲ್ಲೂ ಬೆರಳಾಡಿಸಿ ಹೇಳಬಲ್ಲೆ.
ಮೌನಕ್ಕೆ ಅಂಚು ಎಲ್ಲಿ?

ಹೂಂ, ಓದು. ಆ ಜಾಗ ಬಂದಾಗ
ಸ್ವಲ್ಪ ತಡೆ. ನೋಡೋಣ,
ನಿನ್ನ ಬಾಯಿಗೆ ಏನು ಬರುತ್ತದೆ.